ಕೊಲೆಗೆ ಒಂದು ಮೆಟ್ಟಿಲು ಕೆಳಗೆ

ಕಳೆದ ಸಂಕ್ರಾಂತಿ ಮುಗಿದ ಮರುವಾರ ಧಾರವಾಡದಿಂದ ಗಜೇಂದ್ರಗಡಕ್ಕೆ ಹೊರಟಿದ್ದೆ. ನನ್ನೊಡನೆ ಕೆಲಸ ಮಾಡಿದ್ದ ನರ್ಸ್ ಒಬ್ಬರು ಅಲ್ಲಿ ಮಗಳ ಮನೆಯಲ್ಲಿದ್ದಾರೆ, ಮೈಯಲ್ಲಿ ಹುಷಾರಿಲ್ಲ ಎಂದು ಕೇಳಿದ್ದೆ. ನರಗುಂದದ ಗುಡ್ಡ ಹಿಂದೆ ಉಳಿದು, ಯಾವಗಲ್ ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ಕಡಲೆ ಹೊಲ. ಡ್ರೈವರ್ ಕಾರು ನಿಲ್ಲಿಸಿ, ಹೊಲದಲ್ಲಿದ್ದವರನ್ನು ಕೇಳಿ, ಒಂದು ಹಿಡಿ ಹಸಿ ಕಡಲೆ ಗಿಡ ಕಿತ್ತು ತಂದು ನನ್ನ ಕೈಗಿತ್ತ. ಬೆರಳೆಲ್ಲ ಅಂಟಂಟಾಯಿತು. ಎಳೆಯ ಕಡಲೆಯ ಎಲೆಯ ಮೇಲೆ ಚಳಿಗಾಲದಲ್ಲಿ ಒಂದು ಹುಳಿ ಕೂತಿರುತ್ತದೆ. ನೆಕ್ಕಿದರೆ ಹಲ್ಲು ಜುಮ್ಮೆನ್ನುವಂಥ ಹುಳಿ. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಗಿಡವನ್ನು ಅವನಿಗೇ ವಾಪಸು ಕೊಟ್ಟು ಕಿಟಕಿ ಏರಿಸಿದೆ.

ಆ ವಾಸನೆಯನ್ನು ನಾನು ಮೊದಲು ಕಂಡದ್ದು ಹೊಲದಲ್ಲಲ್ಲ. ಒಬ್ಬ ಗಾಯಾಳುವಿನ ಅಂಗಿಯಲ್ಲಿ.

ಡಾಕ್ಟರಾಗಿ ರೋಣ ನನ್ನ ಮೊದಲ ಪೋಸ್ಟಿಂಗ್. ದಾವಣಗೆರೆಯಲ್ಲಿ ಹುಟ್ಟಿ ಬೆಳೆದವಳಿಗೆ ಆ ಕರಿಮಣ್ಣಿನ ಬಯಲು ಮೊದಮೊದಲು ದಿಗಿಲು ಹುಟ್ಟಿಸಿತ್ತು. ಎಲ್ಲಿ ನೋಡಿದರೂ ಕಣ್ಣಿಗೆ ತಡೆಯೇ ಇಲ್ಲ. ಮಳೆ ಬಂದರೆ ಕಾಲು ಕಿತ್ತಿಡಲಾಗದ ಕೆಸರು, ಬಿಸಿಲು ಬಿದ್ದರೆ ಅಂಗೈ ತೂರುವಷ್ಟು ಬಿರುಕು. ಆದರೆ ಹಿಂಗಾರಿ ಶುರುವಾದದ್ದೇ ಆ ಬಯಲು ನನಗೆ ಹಿಡಿಸಿತು. ಬೆಳಿಗ್ಗೆ ಇಬ್ಬನಿ, ತಣ್ಣನೆಯ ಗಾಳಿ, ದೂರದವರೆಗೆ ಬಿಳಿಜೋಳ, ನಡುನಡುವೆ ಕುಸುಬೆಯ ಹಳದಿ. ತಾಲೂಕು ಆಸ್ಪತ್ರೆಯ ಹತ್ತಿರದಲ್ಲೇ ಶಾಂತವ್ವ ಎಂಬ ಹಿರಿಯ ಹೆಂಗಸಿನ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದೆ. ನನಗೆ ಅಡುಗೆ ಬರುವುದಿಲ್ಲವೆಂದು ಆಕೆ ಮೊದಲ ವಾರದಲ್ಲೇ ತೀರ್ಮಾನಿಸಿ, ದಿನಾ ರೊಟ್ಟಿ ಪಲ್ಯ ಕಳಿಸುತ್ತಿದ್ದಳು. ಆಸ್ಪತ್ರೆಯಲ್ಲಿ ಹೆರಿಗೆ, ಹಾವು ಕಡಿತ, ರಾಶಿ ಯಂತ್ರಕ್ಕೆ ಸಿಕ್ಕ ಬೆರಳು, ಟ್ರ್ಯಾಕ್ಟರಿನಿಂದ ಬಿದ್ದವರು. ಬಂದವರೆಲ್ಲರ ಬಾಯಲ್ಲಿ ನಾನು ‘ಬಾಯಾರು’, ಡಾಕ್ಟರಮ್ಮ. ದಿನ ಹೋದದ್ದೇ ತಿಳಿಯುತ್ತಿರಲಿಲ್ಲ.

ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿ ಅಲ್ಲೇ ಕೂಡಿ ಉಣ್ಣುವ ಎಳ್ಳಮಾಸಿ ಹಬ್ಬ ಮುಗಿದು ಕೆಲವು ದಿನವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯ ಮುಂದೆ ಒಂದು ಟ್ರ್ಯಾಕ್ಟರು ಬಂದು ನಿಂತಿತು. ಹಿಂದಿನ ಟ್ರಾಲಿಯಿಂದ ಒಬ್ಬ ಗಂಡಸನ್ನು ಇನ್ನೊಬ್ಬ ಗಂಡಸು ಭುಜ ಕೊಟ್ಟು ಇಳಿಸಿದ. ಇಬ್ಬರ ಮುಖದ ಕಟ್ಟೂ ಒಂದೇ ಅಚ್ಚು. ಎಡ ಕಿವಿಯ ಮೇಲೆ ಟವೆಲ್ ಒತ್ತಿ ಹಿಡಿದಿದ್ದ ಚಿಕ್ಕವನ ಹೆಸರು ಫಕೀರಪ್ಪ, ಅವನನ್ನು ಹಿಡಿದು ತಂದ ದೊಡ್ಡವನು ಯಲ್ಲಪ್ಪ. ಸವಡಿ ಕಡೆಯ ಹಳ್ಳಿಯವರು, ಸ್ವಂತ ಅಣ್ಣತಮ್ಮಂದಿರು.

ಫಕೀರಪ್ಪ ನಡೆದುಕೊಂಡೇ ಒಳಗೆ ಬಂದ. ಬೆಂಚಿನ ಮೇಲೆ ಮಲಗಿಸಿ ಟವೆಲ್ ತೆಗೆದು ನೋಡಿದೆ. ಗಾಯ ದೊಡ್ಡದಲ್ಲ. ಹೊಲಿಗೆ ಹಾಕತೊಡಗಿದಾಗ ಅವನ ಅಂಗಿಯಿಂದ ಆ ಹುಳಿ ವಾಸನೆ ಬರುತ್ತಿತ್ತು; ಬೆಳಗಿನಿಂದ ಕಡಲೆ ಹೊಲದಲ್ಲಿದ್ದವನು.

“ಏನಾಯ್ತು?” ಎಂದು ಕೇಳಿದೆ.

“ಜಗಳ ಆತ್ರಿ,” ಎಂದ ಅವನು, ನಾಚಿಕೊಂಡವನ ಹಾಗೆ. “ಅಣ್ಣಂದು ನಂದು ಹೊಲಾ ಬಾಜೂಕ ಬಾಜೂ ಅದಾವ. ಅಂವ ನನ್ನ ಹೊಲದಾಗ ಹಾಯ್ದು ಟ್ರ್ಯಾಕ್ಟರ್ ಒಯ್ತಾನ. ಮೊದ್ಲಿಂದ ಬಂಡಿದಾರಿ ಅದ ಐತಿ. ಈ ಸರ್ತಿ ನಾ ದಾರಿ ಮ್ಯಾಲೂ ಕಡ್ಲಿ ಬಿತ್ತಿದ್ನಿ. ಅಂವ ಗಾಲಿ ಹಾಯಿಸಿದ, ನಾ ಬಾಯಿ ಮಾಡಿದ್ನಿ.”

“ಅಣ್ಣ ಹೊಡೆದನಾ?”

ಅವನು ಬಾಗಿಲ ಕಡೆ ನೋಡಿದ. ಹೊರಗೆ ಯಲ್ಲಪ್ಪ ಗೋಡೆಗೆ ಒರಗಿ ನಿಂತಿದ್ದ. ಫಕೀರಪ್ಪ ದನಿ ತಗ್ಗಿಸಿ ಹೇಳಿದ: “ನಾನ ಮೊದ್ಲ ಕುಡಗೋಲ ಎತ್ತಿದ್ನಿರಿ. ಅಂವಗ ಕೈಗೆ ಸಿಕ್ಕದ್ದು ಜಾಲಿ ಬಡಿಗಿ. ಒಂದ ಪೆಟ್ಟು. ಪೊಲೀಸರಿಗೆ ಹೇಳಬ್ಯಾಡ್ರಿ ಬಾಯಾರ. ಮೊನ್ನೆ ಅದ ಹೊಲದಾಗ ಕೂಡಿ ಚರಗಾ ಚೆಲ್ಲಿ ಉಂಡೇವಿ.”

ಹೇಳದಿರಲು ಬರುವುದಿಲ್ಲ, ಇಂಥ ಗಾಯ ಬಂದರೆ ಠಾಣೆಗೆ ತಿಳಿಸಲೇಬೇಕು ಎಂದೆ. ಅವನು ಮುಖ ಸಣ್ಣದು ಮಾಡಿಕೊಂಡ. ಪೆಟ್ಟು ಬಿದ್ದ ಮೇಲೆ ಎಚ್ಚರ ತಪ್ಪಿತ್ತೇ ಎಂದು ಕೇಳಿದರೆ, “ಸ್ವಲ್ಪ ಕತ್ತಲಿ ಬಂದಂಗಾತ್ರಿ, ಮತ್ತ ಎದ್ದು ಕುಂತ್ನಿ,” ಎಂದ. ಆ ಮಾತು ಕೇಳಿದ ಕೂಡಲೇ ನನ್ನ ಸಮಾಧಾನ ಹೋಯಿತು. ತಲೆಗೆ ಪೆಟ್ಟು ಬಿದ್ದು, ಒಂದು ಕ್ಷಣ ಎಚ್ಚರ ತಪ್ಪಿ, ಮತ್ತೆ ಎದ್ದು ಚೆನ್ನಾಗಿ ಮಾತಾಡುವ ಮನುಷ್ಯನನ್ನು ನಂಬಬಾರದು ಎಂದು ನಮಗೆ ಕಾಲೇಜಿನಲ್ಲಿ ಕಲಿಸಿದ್ದರು. ಒಳಗೆ ಎಲುಬಿನ ಕೆಳಗೆ ರಕ್ತ ಸೋರುತ್ತಿದ್ದರೆ ಹೊರಗೆ ಏನೂ ಕಾಣಿಸುವುದಿಲ್ಲ. ಗದಗಕ್ಕೆ ಕಳಿಸಿ ಸ್ಕ್ಯಾನ್ ಮಾಡಿಸಲೇಬೇಕು ಎಂದು ಆಂಬುಲೆನ್ಸಿಗೆ ಫೋನ್ ಮಾಡಿದೆ. ಅವನು ಒಲ್ಲೆನೆಂದ. “ಎರಡ ಹೊಲಿಗಿಗೆ ಗದಗ ಯಾಕ್ರಿ? ಮನಿಗೆ ಹೊಕ್ಕೇನಿ.” ಯಲ್ಲಪ್ಪ ಒಳಗೆ ಬಂದು ಗದರಿದ: “ಸುಮ್ಕ ಮಕ್ಕೊ. ಬಾಯಾರು ಹೇಳಿದಂಗ ಕೇಳು.” ತಮ್ಮ ಮತ್ತೆ ಮಲಗಿಕೊಂಡ. ಒಂದು ಗಂಟೆಯ ಹಿಂದೆ ಬಡಿದಾಡಿಕೊಂಡಿದ್ದವರು ಇವರೇ ಎಂದು ನಂಬಲಾಗದ ಹಾಗಿತ್ತು ಆ ಗದರಿಕೆ.

ಆಂಬುಲೆನ್ಸ್ ಬರುವಷ್ಟರಲ್ಲಿ ಫಕೀರಪ್ಪ ಕೇಳಿದ್ದನ್ನೇ ಮತ್ತೆ ಕೇಳತೊಡಗಿದ. ಆಮೇಲೆ ತೂಕಡಿಸಿದ. ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರೆ ಒಂದು ಪಾಪೆ ಇನ್ನೊಂದಕ್ಕಿಂತ ಅಗಲವಾಗಿತ್ತು. ನರ್ಸ್ ಒಬ್ಬಳನ್ನು ಜೊತೆಗೆ ಕೊಟ್ಟು ಕಳಿಸಿದೆ. ಪೊಲೀಸರು ಬಂದಿದ್ದರಿಂದ ಯಲ್ಲಪ್ಪನಿಗೆ ಆಂಬುಲೆನ್ಸ್ ಹತ್ತಲು ಬಿಡಲಿಲ್ಲ. ಅವನು ಓಡಿಹೋಗಲು ನೋಡಲಿಲ್ಲ, ಜೀಪಿನ ಹತ್ತಿರ ನಿಂತು ನನ್ನನ್ನೇ ಕೇಳಿದ, “ಉಳೀತಾನಲ್ರಿ?”

ಗದಗ ಮುಟ್ಟುವ ಮೊದಲೇ ಫಕೀರಪ್ಪ ತೀರಿಕೊಂಡ.

ಠಾಣೆ ರೋಣದ್ದಾದ್ದರಿಂದ ಹೆಣ ನಮ್ಮಲ್ಲಿಗೇ ಬಂತು. ಹಿಂದಿನ ಮಧ್ಯಾಹ್ನ ನಾನು ಹಾಕಿದ ಹೊಲಿಗೆಯನ್ನು ಮರುದಿನ ಬೆಳಿಗ್ಗೆ ನಾನೇ ಬಿಚ್ಚಿದೆ. ಕಿವಿಯ ಮೇಲಿನ ತೆಳು ಎಲುಬಿನಲ್ಲಿ ಒಂದು ಬಿರುಕು, ಅದರ ಕೆಳಗೆ ಹರಿದ ರಕ್ತನಾಳ, ಮೆದುಳನ್ನು ಒತ್ತಿ ಹಿಡಿದ ಗಟ್ಟಿ ರಕ್ತ. ಓದಿದ್ದು ಓದಿದಂತೆಯೇ ಇತ್ತು. ಸಾವಿಗೆ ಕಾರಣ ಬರೆಯುವುದು ಕಷ್ಟವಾಗಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಅಪ್ಪಿಕೊಂಡು ಅಳುತ್ತಿದ್ದರು. ಒಬ್ಬಳು ಸತ್ತವನ ಹೆಂಡತಿ ನೀಲವ್ವ, ಇನ್ನೊಬ್ಬಳು ಹೊಡೆದವನ ಹೆಂಡತಿ ಕಸ್ತೂರವ್ವ ಎಂದು ನರ್ಸ್ ಹೇಳಿದಳು. ಅಷ್ಟೇ ಅಲ್ಲ, ಅವರಿಬ್ಬರೂ ಒಡಹುಟ್ಟಿದ ಅಕ್ಕತಂಗಿಯರು. ಒಂದೇ ಮನೆಯ ಅಣ್ಣತಮ್ಮಂದಿರಿಗೆ ಒಂದೇ ಹಂದರದಲ್ಲಿ ಕೊಟ್ಟಿದ್ದರು.

ಆ ಅಪ್ಪುಗೆ ಹೆಣ ಮಣ್ಣಾಗುವವರೆಗೆ ಮಾತ್ರ ಉಳಿಯಿತೆಂದು ಆಮೇಲೆ ಕೇಳಿದೆ. ನೀಲವ್ವ ಪೊಲೀಸರಿಗೆ ಹೇಳಿಕೆ ಕೊಟ್ಟಳು: ತನ್ನ ಗಂಡನ ಕೈಯಲ್ಲಿ ಏನೂ ಇರಲಿಲ್ಲ, ಭಾವ ಬಡಿಗೆ ತೆಗೆದುಕೊಂಡು ಬಂದು ತಲೆಗೆ ಹೊಡೆದ. ಅವಳು ಹೊಲದ ಇನ್ನೊಂದು ತುದಿಯಲ್ಲಿ ಕಡಲೆ ಕೀಳುತ್ತಿದ್ದಳು, ನೋಡಿದವಳು ಅವಳೊಬ್ಬಳೇ. ಪೊಲೀಸರು ಕೊಲೆ ಎಂದು ಕೇಸು ಹಾಕಿದರು. ಯಲ್ಲಪ್ಪ ಗದಗದ ಜೈಲಿಗೆ ಹೋದ. ಆಗಿನ್ನೂ ಹಳೆಯ ಕಾನೂನಿನ ನಂಬರುಗಳೇ ಇದ್ದವು. ಹಳ್ಳಿಯಲ್ಲಿ ಮಕ್ಕಳ ಬಾಯಲ್ಲೂ “ಮುನ್ನೂರಾ ಎರಡು” ಎಂಬ ಕೊಲೆ ಕಲಮಿನ ಮಾತು ಓಡಾಡುತ್ತಿತ್ತಂತೆ.

ಕಡಲೆ, ಜೋಳದ ರಾಶಿ ಮುಗಿದು ಬೇಸಿಗೆ ಬಂತು. ಒಂದು ಭಾನುವಾರ ಶಾಂತವ್ವ ಮಾಳಿಗೆ ಹತ್ತಿ ಬಂದು, “ನಿಮ್ಮನ್ನ ನೋಡಾಕ ಯಾರೋ ಬಂದಾರವಾ. ಪಾಪ, ಬಿಸಿಲಾಗ ನಡಕೋತ ಬಂದಂಗ ಕಾಣಸ್ತಾರ,” ಎಂದಳು. ಕೆಳಗೆ ಕಸ್ತೂರವ್ವ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

“ಬಾಯಾರ, ನಮ್ಮ ವಕೀಲರು ಹೇಳ್ಯಾರ. ನೀವು ಕೋರ್ಟಿನ್ಯಾಗ ಒಂದು ಮಾತು ಹೇಳೂದೈತಂತ. ಅದರ ಮ್ಯಾಲನ ಎಲ್ಲಾ ನಿಂತೈತಂತ.”

“ಯಾವ ಮಾತು?”

“ಆ ಪೆಟ್ಟಿಗೆ ಮನಷ್ಯಾ ಸಾಯೂದು ಖರೇನ, ಇಲ್ಲಾ ಸತ್ರೂ ಸಾಯಬಹುದಾ ಅಂತ. ‘ಸಾಯಬಹುದು’ ಅಂತ ಅಂದ್ಬಿಡ್ರಿ. ‘ಸಾಯೂದ ಖರೇ’ ಅನಬ್ಯಾಡ್ರಿ.”

ನಾನು ಏನು ಕಂಡೆನೋ ಅದನ್ನೇ ಹೇಳಬೇಕಾಗುತ್ತದೆ ಎಂದೆ. ಅವಳು ಅಳಲಿಲ್ಲ. ಸೆರಗಿನಿಂದ ಕೊರಳು ಒರೆಸಿಕೊಂಡು ಹೇಳಿದಳು: “ನನ್ನ ಗಂಡ ಚಲೋ ಮನಷ್ಯಾ ಅಂತ ನಾ ಹೇಳಾಕ ಬಂದಿಲ್ರಿ. ಸಿಟ್ಟಿನಾಂವ. ಆದ್ರ ಫಕೀರಪ್ಪನ್ನ ಹೆಗಲ ಮ್ಯಾಲೆ ಹೊತ್ತು ಸಾಲಿಗೆ ಒಯ್ದಾಂವ ಅವನ. ಕೊಲ್ಲಾಕ ಹೊಡದಿಲ್ಲ. ಕೊಲ್ಲಾಕ ಹೊಡದಿದ್ರ ದವಾಖಾನಿಗೆ ಯಾಕ ತರತಿದ್ದ?”

ಶಾಂತವ್ವ ಕೊಟ್ಟ ಮಜ್ಜಿಗೆಯನ್ನು ಅವಳು ಮುಟ್ಟದೆ ಹೋದಳು. ಆ ಎರಡು ಮಾತು ನನ್ನ ತಲೆಯಲ್ಲಿ ಉಳಿದವು. ಸಾಯೂದ ಖರೇ, ಸಾಯಬಹುದು. ನಾವು ವೈದ್ಯರು ದಿನಕ್ಕೆ ಹತ್ತು ಸಲ ಇಂಥ ಮಾತನ್ನು ಹಗುರವಾಗಿ ಆಡುತ್ತೇವೆ. ಅದರ ಮೇಲೆ ಒಬ್ಬ ಮನುಷ್ಯನ ಉಳಿದ ಆಯುಷ್ಯ ನಿಂತಿರಬಹುದೆಂದು ನನಗೆ ಯಾರೂ ಹೇಳಿರಲಿಲ್ಲ.

ಮುಂಗಾರಿನ ಹೊತ್ತಿಗೆ ನೀಲವ್ವ ಬಂದಳು. ಮಗಳಿಗೆ ಜ್ವರ. ಔಷಧ ಬರೆದುಕೊಟ್ಟ ಮೇಲೂ ಏಳಲಿಲ್ಲ. ಮಗುವಿನ ತಲೆ ಸವರುತ್ತ ಕೂತೇ ಇದ್ದಳು. ಹೊರಗೆ ಸಣ್ಣ ಮಳೆ, ಸರತಿಯಲ್ಲಿ ಇನ್ಯಾರೂ ಇರಲಿಲ್ಲ.

“ನಮ್ಮ ಮನಿಯಾರು ನಿಮ್ಮ ಕೂಡ ಮಾತಾಡಿದ್ರಂತ,” ಎಂದಳು. “ನಾ ಬರೂದ್ರಾಗ ಅವರ್ನ ಗಾಡಿಗೆ ಹಾಕಿದ್ರು. ಕಡೀಕ ಏನಂದ್ರು? ನನ್ನ ಹೆಸರ ತಗದ್ರೇನ್ರಿ?”

ಹೌದು ಎಂದುಬಿಡಬಹುದಿತ್ತು. ಅದರಿಂದ ಯಾರಿಗೂ ನಷ್ಟವಿರಲಿಲ್ಲ. ಆದರೆ ನಾಳೆ ಕೋರ್ಟಿನಲ್ಲಿ ಅದೇ ಪ್ರಶ್ನೆ ಬಂದಾಗ ಬೇರೆ ಉತ್ತರ ಹೇಳುವುದನ್ನು ಅವಳು ಕೂತು ಕೇಳುತ್ತಾಳೆ.

“ಇಲ್ಲ ನೀಲವ್ವ. ಅಣ್ಣನ ಬಗ್ಗೆ ಮಾತಾಡಿದರು. ಪೊಲೀಸರಿಗೆ ಹೇಳಬೇಡಿ ಅಂದರು.”

“ಮತ್ತ?”

“ತಾನೇ ಮೊದಲು ಕುಡಗೋಲು ಎತ್ತಿದೆ ಅಂದರು.”

ಅವಳ ಕೈ ಮಗುವಿನ ತಲೆಯ ಮೇಲೆ ನಿಂತಿತು. ಮಗು ಮುಖ ಎತ್ತಿ ತಾಯಿಯನ್ನು ನೋಡಿತು.

“ಸುಳ್ಳ,” ಎಂದಳು ನೀಲವ್ವ. “ಅಣ್ಣನ್ನ ಉಳಸಾಕ ಹೇಳ್ಯಾರ. ಹುಟ್ಟಿದಾಗಿಂದ ಅದನ್ನ ಮಾಡಕೋತ ಬಂದಾರ. ಅಣ್ಣ ತಪ್ಪು ಮಾಡೂದು, ಅವರು ತಮ್ಮ ಮ್ಯಾಲೆ ಹಾಕ್ಕೊಳ್ಳೂದು. ನೀವು ಇದನ್ನ ಅಲ್ಲೆ ಹೇಳ್ತೀರೇನು?”

“ಕೇಳಿದರೆ ಹೇಳಲೇಬೇಕು.”

“ಹೇಳ್ರಿ,” ಎಂದಳು, ಮಗುವನ್ನು ಸೊಂಟಕ್ಕೇರಿಸಿ. “ಸಾಯಾವ್ರು ಖರೇನ ಹೇಳ್ತಾರಂತ ತಿಳದೀರಿ. ನಾ ಬದುಕೀನಲ್ಲ, ನನ್ನ ಮಾತು ಯಾರು ಕೇಳ್ತಾರ?”

ಆ ರಾತ್ರಿ ಫಕೀರಪ್ಪನ ದನಿಯನ್ನು ಮತ್ತೆ ಮತ್ತೆ ನೆನಪಿಗೆ ತಂದುಕೊಂಡೆ. ಬಾಗಿಲ ಕಡೆ ನೋಡಿದ್ದು, ದನಿ ತಗ್ಗಿಸಿದ್ದು. ಖರೇ ಹೇಳುವವನೂ ಹಾಗೆ ಮಾಡುತ್ತಾನೆ, ಮುಚ್ಚಿಡುವವನೂ ಹಾಗೆಯೇ ಮಾಡುತ್ತಾನೆ. ನನಗೆ ಕೇಳಿಸಿದ್ದು ಮಾತು ಮಾತ್ರ. ಅದು ನಿಜವೋ ಅಲ್ಲವೋ ನನಗೆ ಗೊತ್ತಿರಲಿಲ್ಲ, ಇವತ್ತಿಗೂ ಗೊತ್ತಿಲ್ಲ.

ಮತ್ತೊಂದು ಹಿಂಗಾರಿ ಬಂದು ಕಡಲೆ ಹೂ ಬಿಡುವ ಹೊತ್ತಿಗೆ ಗದಗದ ಸೆಷನ್ಸ್ ಕೋರ್ಟಿನಿಂದ ನನಗೆ ಸಮನ್ಸ್ ಬಂತು. ಸಾಕ್ಷಿಯ ದಿನ ಬೆಳಿಗ್ಗೆ ಸರ್ಕಾರಿ ವಕೀಲರನ್ನು ಕಂಡೆ. ಅರವತ್ತರ ಹತ್ತಿರದ ಗಂಭೀರ ಮನುಷ್ಯ. ಮುಂದೆ ಹುರಿದ ಶೇಂಗಾ ಪೊಟ್ಟಣ ಬಿಚ್ಚಿಕೊಂಡು ನನಗೂ ಸರಿಸಿದರು. ಈ ಕೇಸಿನಲ್ಲಿ ನಾನು ಏನನ್ನು ತೀರ್ಮಾನ ಮಾಡುತ್ತಿದ್ದೇನೆಂದು ನನಗೆ ಸರಿಯಾಗಿ ಹೇಳಿ ಎಂದು ಕೇಳಿದೆ.

“ತೀರ್ಮಾನಾ ಮಾಡಾವ್ರು ನೀವಲ್ರಿ ಮೇಡಮ್, ಜಡ್ಜ್ ಸಾಹೇಬ್ರು. ಆದ್ರ ತಿಳ್ಕೊಳ್ರಿ,” ಎಂದರು. “ಇದು ಮೆಟ್ಟಲಿದ್ದಂಗ. ಮನಷ್ಯಾನ್ನ ಸಾಯಸೂದು ನರಹತ್ಯಾ. ಎಲ್ಲಾ ಕೊಲಿನೂ ನರಹತ್ಯಾನ, ಆದ್ರ ಎಲ್ಲಾ ನರಹತ್ಯಾನೂ ಕೊಲಿ ಅಲ್ಲ. ಕೊಲ್ಲಬೇಕಂತನ ಹೊಡದ್ರ ಕೊಲಿ. ಕೊಲ್ಲೂ ಮನಸ್ಸಿಲ್ಲಾ, ಆದ್ರ ಬೇಕಂತ ಹೊಡದ ಪೆಟ್ಟು ಎಂಥಾದ್ದಂದ್ರ, ಅದಕ್ಕ ಯಾರರ ಆಗಲಿ ಸಹಜ ಸಾಯಬೇಕು, ಅಂಥಾದ್ದಿದ್ರ ಅದೂ ಕೊಲಿನ. ನಿಮ್ಮನ್ನ ಕೇಳೂದು ಅದನ್ನ.”

“ಕೆಳಗಿನ ಮೆಟ್ಟಿಲು?”

“ಪೆಟ್ಟು ಅಂಥಾದ್ದ ಇರಲಿ, ಆದ್ರ ಮೊದ್ಲ ವಿಚಾರ ಮಾಡಿಲ್ಲ. ಒಮ್ಮಿಂದೊಮ್ಮೆಲೆ ಜಗಳ ಹತ್ತೇತಿ, ಇಬ್ಬರೂ ಕೈ ಎತ್ಯಾರ, ಸಿಟ್ಟಿನ ಭರದಾಗ ಹೊಡದಾನ. ಎದುರಿಗಿನಾಂವ ಖಾಲಿ ಕೈಲೆ ಇದ್ದಾಗ ಅದರ ಲಾಭ ತಗೊಂಡು ಹೊಡದಿಲ್ಲ, ಕ್ರೂರ ಆಗಿ ಹೊಡದಿಲ್ಲ. ಆಗ ಅದು ಕೊಲಿ ಅನ್ನಿಸ್ಕೊಳ್ಳೂದಿಲ್ಲ. ಮುನ್ನೂರಾ ಎರಡು ಹೋಗಿ ಮುನ್ನೂರಾ ನಾಕು. ಅದರಾಗೂ ಎರಡು ಮೆಟ್ಟಲಾ. ಸಾಯಸೂ ಅಂಥಾ ಗಾಯಾ ಮಾಡೂ ಉದ್ದೇಶ ಇತ್ತಂದ್ರ ಮ್ಯಾಲಿಂದು, ಬರೇ ‘ಸಾಯಬಹುದು’ ಅಂತ ಗೊತ್ತಿತ್ತಂದ್ರ ಕೆಳಗಿಂದು. ಇನ್ನೂ ಕೆಳಗ, ಮೈಮ್ಯಾಲೆ ಖಬರಿಲ್ಲದ ಗಾಡಿ ಹೊಡದು ಸಾಯಿಸ್ತಾರಲ್ಲ, ಅದು ಬ್ಯಾರೆ.”

“ಹಾಗಾದರೆ ಕುಡಗೋಲಿನ ಮಾತು…”

“ಅದ ನೋಡ್ರಿ ಮುಳ್ಳು.” ಶೇಂಗಾ ಸಿಪ್ಪೆಯನ್ನು ಊದಿದರು. “ಅವನ ಕೈಯಾಗ ಏನೂ ಇದ್ದಿಲ್ಲಂತ ಹೆಂಡತಿ ಹೇಳ್ಯಾಳ. ಇತ್ತಂತ ಸತ್ತಾಂವ ನಿಮ್ಮ ಮುಂದ ಹೇಳ್ಯಾನ. ಸಾಯೂಮುಂದ ಆಡಿದ ಮಾತಿಗೆ ಕಾನೂನು ಭಾಳ ತೂಕ ಕೊಡ್ತೈತಿ. ನನ್ನ ಸಾಕ್ಷಿ ನೀವು, ನನ್ನ ಕೇಸ್ ಒಡ್ಯಾಕಿನೂ ನೀವ. ಇರ್ಲಿ. ಇದ್ದದ್ದನ್ನ ಹೇಳ್ರಿ.”

ನಾನು ಆ ಮನುಷ್ಯನ ತಲೆಬುರುಡೆಯ ಒಳಗನ್ನು ನೋಡಿದ್ದೆ. ಹೊಡೆದವನ ಮನಸ್ಸಿನಲ್ಲಿ ಏನಿತ್ತೆಂಬುದು ಅಲ್ಲಿ ಎಲ್ಲೂ ಕಂಡಿರಲಿಲ್ಲ. ಆದರೂ ಕೋರ್ಟು ಹುಡುಕುತ್ತಿದ್ದದ್ದು ಅದನ್ನೇ, ನನ್ನ ಗಾಯದ ಅಳತೆಯ ಮೂಲಕ.

ಕೋರ್ಟ್ ಹಾಲ್ ನಾನೆಣಿಸಿದ್ದಕ್ಕಿಂತ ಚಿಕ್ಕದಾಗಿತ್ತು. ಆರೋಪಿಯ ಕಟಕಟೆಯಲ್ಲಿ ಯಲ್ಲಪ್ಪ ನಿಂತಿದ್ದ. ಒಂದು ವರ್ಷದಲ್ಲಿ ತಲೆ ನರೆತಿತ್ತು. ನೀಲವ್ವನ ಸಾಕ್ಷಿ ಹಿಂದಿನ ತಾರೀಖಿನಲ್ಲೇ ಮುಗಿದಿತ್ತು. ಗಂಡನ ಕೈ ಖಾಲಿ ಇತ್ತೆಂದು ಅವಳು ಗಟ್ಟಿಯಾಗಿ ಹೇಳಿದ್ದಳಂತೆ. ಆದರೂ ಈ ದಿನ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಕಸ್ತೂರವ್ವ ಬಾಗಿಲ ಹತ್ತಿರ ಗೋಡೆಗೆ ಅಂಟಿಕೊಂಡು ನಿಂತಿದ್ದಳು.

ಗಾಯದ ವಿವರವೆಲ್ಲ ಆದ ಮೇಲೆ ಸರ್ಕಾರಿ ವಕೀಲರು ಪುಸ್ತಕದ ಕನ್ನಡದಲ್ಲಿ ಕೇಳಿದರು: “ಈ ಗಾಯವು ಪ್ರಕೃತಿಯ ಸಾಮಾನ್ಯ ಕ್ರಮದಲ್ಲಿ ಸಾವನ್ನು ಉಂಟುಮಾಡಲು ಸಾಕಾಗುವಂಥದ್ದಾಗಿತ್ತೇ?”

ಕಸ್ತೂರವ್ವನ ಕಡೆ ನೋಡಬಾರದೆಂದು ನಿಶ್ಚಯಿಸಿದ್ದೆ. ನೋಡಿದೆ. ಅವಳ ತುಟಿ ಅಲುಗುತ್ತಿತ್ತು.

“ಸಾಕಾಗುವಂಥದ್ದಾಗಿತ್ತು,” ಎಂದೆ.

ಆಮೇಲೆ ಯಲ್ಲಪ್ಪನ ವಕೀಲರು ಎದ್ದರು. ಪೆಟ್ಟು ಒಂದೇ ಅಲ್ಲವೇ? ಒಂದೇ. ಬೇರೆಲ್ಲೂ ಗಾಯವಿರಲಿಲ್ಲ ಅಲ್ಲವೇ? ಇರಲಿಲ್ಲ. ಬೇಗ ಆಪರೇಷನ್ ಆಗಿದ್ದರೆ ಬದುಕುತ್ತಿದ್ದನೇ? ಬದುಕಬಹುದಿತ್ತು. ನ್ಯಾಯಾಧೀಶರು ತಲೆ ಎತ್ತಿ, ಚಿಕಿತ್ಸೆ ಸಿಕ್ಕಿದ್ದರೆ ಎಂಬ ಮಾತನ್ನು ಕಾನೂನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಮುಂದೆ ಹೋಗಿ ಎಂದರು. ವಕೀಲರು ಕನ್ನಡಕ ಸರಿಮಾಡಿಕೊಂಡರು.

“ಗಾಯಾಳು ನಿಮ್ಮ ಹತ್ತಿರ ಏನು ಹೇಳಿದ?”

ಹೇಳಿದೆ. ಬಂಡಿದಾರಿ, ಬಿತ್ತಿದ ಕಡಲೆ, ಬಾಯಿಮಾತು. “ನಾನೇ ಮೊದಲು ಕುಡಗೋಲು ಎತ್ತಿದೆ” ಎಂಬ ಮಾತನ್ನು ಅವನು ಆಡಿದ ಹಾಗೆಯೇ ಆಡಿ ತೋರಿಸಲು ನ್ಯಾಯಾಧೀಶರು ಹೇಳಿದರು. ಅವನ ಭಾಷೆಯಲ್ಲಿ ಆಡಿದೆ. ನನ್ನ ಬಾಯಲ್ಲಿ ಅದು ಕೆಟ್ಟದಾಗಿ ಕೇಳಿಸಿತು. ಬೆರಳಚ್ಚುಗಾರ ಅದನ್ನು ಹಾಗೆಯೇ ಟೈಪು ಮಾಡಿಕೊಂಡ. ನೀಲವ್ವ ಎದ್ದು ಸರಸರನೆ ಹೊರಗೆ ನಡೆದಳು.

ಆಗ ನಾನು ಕಟಕಟೆಯ ಕಡೆ ನೋಡಿದೆ. ಯಲ್ಲಪ್ಪ ತಲೆ ಅಲ್ಲಾಡಿಸುತ್ತಿದ್ದ. ನಿಧಾನವಾಗಿ, ಅತ್ತಿಂದಿತ್ತ. ಇಲ್ಲ ಎನ್ನುವ ಹಾಗೆ.

ಅವನ ವಕೀಲರು ತಿರುಗಿ ನೋಡಿ ಕಣ್ಣಲ್ಲೇ ಗದರಿದರು. ಯಲ್ಲಪ್ಪ ತಲೆ ತಗ್ಗಿಸಿದ. ನ್ಯಾಯಾಧೀಶರು ಕಾಗದದ ಮೇಲೆ ಬಗ್ಗಿದ್ದರು. ತಲೆ ಅಲ್ಲಾಡಿಸಿದ್ದನ್ನು ಯಾರಾದರೂ ಕಂಡರೋ ಇಲ್ಲವೋ ತಿಳಿಯದು. ತಮ್ಮ ಕುಡಗೋಲು ಎತ್ತಲೇ ಇಲ್ಲ ಎಂದನೋ, ಅಥವಾ ಸಾಯುವಾಗಲೂ ನನ್ನನ್ನು ಉಳಿಸಲು ನೋಡಿದೆಯಲ್ಲೋ ಎಂದು ಸಂಕಟಪಟ್ಟನೋ, ಅಥವಾ ಬರೀ ದುಃಖಕ್ಕೆ ಅಲ್ಲಾಡಿದ ತಲೆಯೋ. ಸಾಕ್ಷಿಯ ಕಟ್ಟೆಯಲ್ಲಿ ನಿಂತವಳಿಗೆ ಕೇಳಿದ್ದಕ್ಕೆ ಉತ್ತರ ಹೇಳುವ ಕೆಲಸ ಮಾತ್ರ. ಇಳಿದು ಬಂದ ಮೇಲೆ ಸರ್ಕಾರಿ ವಕೀಲರಿಗೆ ಹೇಳಿದೆ. ಅವರು ಕಾಗದ ಕಟ್ಟುತ್ತ, “ತಲಿ ಅಲ್ಲಾಡಿಸಿದ್ದು ಸಾಕ್ಷಿ ಆಗೂದಿಲ್ರಿ ಮೇಡಮ್. ಅವನ ಹೇಳಿಕಿ ತಗೊಳ್ಳೂಮುಂದ ಏನಂತಾನ ನೋಡೂಣು,” ಎಂದರು.

ಹೇಳಿಕೆಯ ದಿನ ಯಲ್ಲಪ್ಪ ಎಲ್ಲ ಪ್ರಶ್ನೆಗೂ ಒಂದೇ ಮಾತು ಹೇಳಿದನಂತೆ: “ನೆನಪಿಲ್ರಿ.”

ತೀರ್ಪಿನ ದಿನ ನಾನು ಹೋಗಬೇಕಾಗಿರಲಿಲ್ಲ. ಬೇರೊಂದು ಕೇಸಿನ ಸಾಕ್ಷಿಗೆ ಗದಗಕ್ಕೆ ಹೋಗಿದ್ದವಳು ಕಾಲು ಎಳೆದ ಕಡೆಗೆ ಹೋಗಿ ಹಿಂದೆ ನಿಂತೆ. ಹೊರಗೆ ಕಾಯುತ್ತಿದ್ದ ಹಳ್ಳಿಯ ಜನರಲ್ಲಿ ಎರಡು ಗುಂಪಾಗಿತ್ತು. ನ್ಯಾಯಾಧೀಶರು ಓದಿದ್ದರ ಸಾರ ಇಷ್ಟು: ಗಾಯ ಸಾವಿಗೆ ಸಾಕಾಗುವಂಥದ್ದು, ಆದರೆ ಜಗಳ ಹಠಾತ್ತನೆ ಹುಟ್ಟಿದ್ದು, ಮೃತನೇ ಮೊದಲು ಆಯುಧ ಎತ್ತಿದ್ದನೆಂದು ಅವನ ಕೊನೆಯ ಮಾತಿನಿಂದ ತಿಳಿಯುತ್ತದೆ, ಹೊಡೆದದ್ದು ಒಂದೇ ಪೆಟ್ಟು, ಹೊಡೆದವನೇ ಆಸ್ಪತ್ರೆಗೆ ತಂದಿದ್ದಾನೆ. ಆದ್ದರಿಂದ ಇದು ಕೊಲೆಯಲ್ಲ, ಕೊಲೆಯಲ್ಲದ ದಂಡನೀಯ ನರಹತ್ಯೆ. ಏಳು ವರ್ಷ ಸಜೆ.

ಅರ್ಥವಾಯಿತೇ ಎಂದು ನ್ಯಾಯಾಧೀಶರು ಯಲ್ಲಪ್ಪನನ್ನು ಕೇಳಿದರು. ಅವನು ಕೈ ಮುಗಿದ.

“ಅರ್ಥ ಆಗ್ಲಿಲ್ರಿ ಸಾಹೇಬ್ರ,” ಎಂದ. “ನನ್ನ ತಮ್ಮ ಸತ್ತಾನ. ನಾನ ಹೊಡದೀನಿ. ಕೊಲಿ ಅಲ್ಲಂದ್ರ ಹ್ಯಾಂಗ್ರಿ?”

ನ್ಯಾಯಾಧೀಶರು ಒಂದು ಗಳಿಗೆ ಅವನನ್ನೇ ನೋಡಿದರು. ಮೇಲ್ಮನವಿಯ ಹಕ್ಕಿದೆ ಎಂದು ಓದಿ ಎದ್ದುಹೋದರು. ಪೊಲೀಸರು ಯಲ್ಲಪ್ಪನನ್ನು ಹಿಂದಿನ ಬಾಗಿಲಿನಿಂದ ಕರೆದೊಯ್ದರು.

ನಾನು ಅಂಗಳಕ್ಕೆ ಬಂದಾಗ ಯಲ್ಲಪ್ಪನ ಕಡೆಯ ಕೆಲವರು ವಕೀಲರ ಕೈ ಕುಲುಕುತ್ತಿದ್ದರು. ಗೆದ್ದವರ ಗದ್ದಲ. ಕಸ್ತೂರವ್ವ ಆ ಗುಂಪಿನಲ್ಲಿರಲಿಲ್ಲ. ಅಷ್ಟು ದೂರದಲ್ಲಿ ಕಟ್ಟೆಯೊಂದರ ಹತ್ತಿರ ಒಬ್ಬಳೇ ನಿಂತಿದ್ದಳು. ನೀಲವ್ವ ನೇರವಾಗಿ ನನ್ನ ಹತ್ತಿರ ಬಂದಳು. ಬಯ್ಯುತ್ತಾಳೆಂದು ತಿಳಿದೆ. ಬಯ್ದರೆ ಬಯ್ಯಲಿ ಎಂದು ನಿಂತೆ.

“ಬಾಯಾರ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಬಹಳ ದೂರ ನಡೆದು ಬಂದವರ ದಣಿವು. “ಕೊಲಿ ಅಲ್ಲಂತ ಬರದ್ರು. ಆತು. ಆದ್ರ ಮನ್ಯಾಗ ಎರಡು ಮಕ್ಕಳದಾವ. ಇವತ್ತ ಅಲ್ಲಾ ನಾಳೆ ಕೇಳ್ತಾವ. ನಿಮ್ಮಪ್ಪ ಕೊಲಿ ಆಗಿ ಸತ್ತಿಲ್ಲಂತ ಹೇಳ್ಲೇನು? ಸುಮ್ನ ಸತ್ತಾನಂತ ಹೇಳ್ಲೇನು? ನೀವು ಓದೀರಿ. ಏನಂತ ಹೇಳ್ಬೇಕು, ಹೇಳ್ರಿ.”

ದಂಡನೀಯ ನರಹತ್ಯೆ ಎಂಬ ಎರಡು ಪದ ನಾಲಗೆಯವರೆಗೆ ಬಂದು ನಿಂತವು. ಅವನ್ನು ಮಕ್ಕಳಿಗೆ ಹೇಳುವುದು ಹೇಗೆ? ನನ್ನಲ್ಲಿ ಬೇರೆ ಪದವಿರಲಿಲ್ಲ. ಅವಳು ಕಾದಳು.

ಕಸ್ತೂರವ್ವ ಯಾವಾಗ ಹತ್ತಿರ ಬಂದಿದ್ದಳೋ ಕಾಣೆ. ತಂಗಿಯ ಬೆನ್ನ ಹಿಂದೆ ನಿಂತು, ಒಂದು ವರ್ಷದ ಮೇಲೆ ಮೊದಲ ಸಲ ಅವಳೊಡನೆ ಮಾತಾಡಿದಳು.

“ನಿಮ್ಮ ದೊಡ್ಡಪ್ಪನ ಕೈಲೆ ಸತ್ತಾನಂತ ಹೇಳು,” ಎಂದಳು. “ಅವರು ಏನರ ಹೆಸರಿಡ್ಲಿ. ಖರೇ ಅಷ್ಟ ಐತಿ. ನನ್ನ ಮುಂದನ ಹೇಳು, ನಾ ಇಲ್ಲ ಅನ್ನೂದಿಲ್ಲ.”

ನೀಲವ್ವ ತಿರುಗಿ ನೋಡಲಿಲ್ಲ. ಸೆರಗು ಬಿಗಿದು ಬಸ್ ಸ್ಟ್ಯಾಂಡಿನ ಕಡೆ ನಡೆಯತೊಡಗಿದಳು. ಕಸ್ತೂರವ್ವ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಅವಳ ಹಿಂದೆ ಹೊರಟಳು. ಅವರ ಊರಿಗೆ ಹೋಗುವ ಬಸ್ಸು ಒಂದೇ ಇತ್ತು. ಇಬ್ಬರ ನಡುವಿನ ಅಂತರ ಗೇಟಿನವರೆಗೂ ಅಷ್ಟೇ ಇತ್ತು. ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ.